ಅಟ್ಟಕ್ಕೆ ಇಲಿ ಏರದಂತೆ ತಡೆಯುವುದು ಹೇಗೆ?

ಹೆಂಚಿನ ಮನೆಯಲ್ಲಿ ಅಟ್ಟವೆಂಬುದು ಬೇಡವಾದ ಸಾಮಾನುಗಳನ್ನು ಎಸೆಯುವ ಜಾಗವಲ್ಲ; ಅದು ಮನೆಯ ಉಗ್ರಾಣ. ನೆಲದ ತೇವ ತಾಕಬಾರದ ಪದಾರ್ಥಗಳನ್ನೆಲ್ಲ ಹಿರಿಯರು ಅಟ್ಟಕ್ಕೇರಿಸುತ್ತಿದ್ದರು. ಬಿತ್ತನೆಯ ರಾಗಿ, ಅವರೆ, ತೊಗರಿ, ತೆನೆಸಹಿತ ಕಟ್ಟಿದ ಮುಸುಕಿನ ಜೋಳ, ಒಣಗಿದ ಅಡಿಕೆ, ಬೆಲ್ಲ, ಹುಣಸೆಹಣ್ಣು ಎಲ್ಲಕ್ಕೂ ಅಲ್ಲಿ ಸ್ಥಳವಿತ್ತು. ಇಂದಿಗೂ ಅನೇಕ ಮನೆಗಳಲ್ಲಿ ಈ ಪದ್ಧತಿ ಉಳಿದಿದೆ.

ತಿಪಟೂರು, ಚಿಕ್ಕನಾಯಕನಹಳ್ಳಿ, ಅರಸೀಕೆರೆ ಭಾಗದ ತೆಂಗು ಬೆಳೆಗಾರರಿಗಂತೂ ಅಟ್ಟವೇ ಬ್ಯಾಂಕು. ಚೆನ್ನಾಗಿ ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಹರಡಿ 8ರಿಂದ 12 ತಿಂಗಳವರೆಗೆ ಇಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯಿ ಅಲ್ಲಾಡಿಸಿದಾಗ ಗಡಗಡ ಸದ್ದು ಮಾಡುತ್ತದೆ. ಆಗ ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಹೀಗೆ ಒಂದು ಕುಟುಂಬದ ವರ್ಷದ ಆದಾಯ ತಿಂಗಳುಗಟ್ಟಲೆ ಅಟ್ಟದ ಮೇಲೆಯೇ ಕುಳಿತಿರುತ್ತದೆ. ಆ ಅವಧಿಯುದ್ದಕ್ಕೂ ಅದರ ಮೇಲೆ ಇಲಿಯ ಕಣ್ಣು ಇರುತ್ತದೆ.

ರಾತ್ರಿ ಅಟ್ಟದ ಮೇಲೆ ಸರಬರ ಸದ್ದು ಕೇಳಿದೊಡನೆ ಸಾಮಾನ್ಯವಾಗಿ ಮಾಡುವುದೇನು? ಅಂಗಡಿಯಿಂದ ಇಲಿಪಾಷಾಣ ತಂದು ಅಟ್ಟದ ಮೂಲೆಯಲ್ಲಿ ಇಡುವುದು. ಒಂದೆರಡು ಇಲಿ ಸಾಯುತ್ತವೆ. ಯಾವುದೋ ಸಂದಿಯಲ್ಲಿ ಸತ್ತ ಇಲಿಯ ನಾತ ವಾರಗಟ್ಟಲೆ ಮನೆ ತುಂಬುತ್ತದೆ. ಸ್ವಲ್ಪ ದಿನ ಸದ್ದಡಗಿ ಮತ್ತೆ ಕೇಳಿಬರುತ್ತದೆ. ಇದಕ್ಕೆ ಕಾರಣ ಸರಳ. ಅಟ್ಟದಲ್ಲಿ ಆಹಾರವಿದೆ, ಬೆಚ್ಚನೆಯ ಜಾಗವಿದೆ, ಬರುವ ದಾರಿ ತೆರೆದಿದೆ. ಸತ್ತ ಇಲಿಯ ಸ್ಥಾನವನ್ನು ತೋಟದ, ಹಿತ್ತಿಲಿನ ಅಥವಾ ಪಕ್ಕದ ಮನೆಯ ಇಲಿ ತುಂಬುತ್ತದೆ. ಆದ್ದರಿಂದ ಅಟ್ಟದ ರಕ್ಷಣೆಯಲ್ಲಿ ದಾರಿ ಮುಚ್ಚುವುದು ಮೊದಲ ಕೆಲಸ, ಇಲಿ ಹಿಡಿಯುವುದು ಎರಡನೆಯ ಕೆಲಸ. ವಿಷವಿಡುವುದು ಕೊನೆಯದು, ಅನೇಕ ಮನೆಗಳಲ್ಲಿ ಅದು ಬೇಕಾಗುವುದೇ ಇಲ್ಲ.

ಅಟ್ಟ ಏರುವ ಇಲಿ ಯಾವುದು?

ಮನೆ ಮತ್ತು ಹಿತ್ತಿಲಿನಲ್ಲಿ ಕಾಣುವ ಇಲಿಗಳೆಲ್ಲ ಒಂದೇ ಅಲ್ಲ. ಹೆಗ್ಗಣ ನೆಲದ ಪ್ರಾಣಿ. ಅದು ತಳಪಾಯದ ಬಳಿ ಬಿಲ ತೋಡಿ ನೆಲಮಟ್ಟದ ಕಣಜಕ್ಕೆ ಹಾನಿ ಮಾಡುತ್ತದೆಯೇ ಹೊರತು ಎತ್ತರಕ್ಕೆ ಹತ್ತುವುದು ಕಡಿಮೆ. ಚಿಟ್ಟಿಲಿ ಚಿಕ್ಕದು, ಪೆಟ್ಟಿಗೆ, ಗೂಡು, ಬಟ್ಟೆಯ ಗಂಟುಗಳಲ್ಲಿ ಅಡಗುತ್ತದೆ. ಚೂಪು ಮೂತಿಯ, ಕೆಟ್ಟ ವಾಸನೆಯ ಮೂಗಿಲಿ ನಿಜವಾಗಿ ಇಲಿಯ ಜಾತಿಯದೇ ಅಲ್ಲ. ಅದರ ಮುಖ್ಯ ಆಹಾರ ಹುಳು ಹುಪ್ಪಟೆ.

ಅಟ್ಟದ ನಿಜವಾದ ಶತ್ರು ಮನೆ ಇಲಿ. ತೆಳುವಾದ ಮೈ, ದೊಡ್ಡ ಕಿವಿ, ಮೈಗಿಂತ ಉದ್ದವಾದ ಬಾಲ ಇದರ ಗುರುತು. ಬಾಲದ ಸಹಾಯದಿಂದ ತೂಕ ಸರಿದೂಗಿಸಿಕೊಂಡು ತಂತಿಯ ಮೇಲೂ ನಡೆಯಬಲ್ಲದು. ಒರಟು ಗೋಡೆ, ಕಂಬ, ಬಳ್ಳಿ, ಕೊಳವೆ ಯಾವುದನ್ನಾದರೂ ಹಿಡಿದು ಏರುತ್ತದೆ. ತೆಂಗಿನ ಮರದ ಸುಳಿಯ ಬಳಿ ಗೂಡು ಕಟ್ಟಿ ಎಳೆಗಾಯಿ ಕೊರೆದು ಬೀಳಿಸುವುದೂ ಇದೇ. ಮರದಲ್ಲಿ ವಾಸಿಸಬಲ್ಲ ಪ್ರಾಣಿಗೆ ಮನೆಯ ಅಟ್ಟ ಮತ್ತೊಂದು ಮರವಿದ್ದಂತೆ.

ಹೆಣ್ಣಿಲಿ ಗರ್ಭ ಧರಿಸಿದ ಸುಮಾರು ಮೂರು ವಾರಗಳಲ್ಲಿ 5ರಿಂದ 8 ಮರಿ ಹಾಕುತ್ತದೆ. ಮರಿಗಳು ಸುಮಾರು ಮೂರು ತಿಂಗಳಲ್ಲಿ ತಾವೇ ಮರಿ ಹಾಕುವಷ್ಟು ಬೆಳೆಯುತ್ತವೆ. ಆಹಾರ ಮತ್ತು ಅಡಗುತಾಣ ಇದ್ದರೆ ವರ್ಷದಲ್ಲಿ ಹಲವು ಸೂಲು ನಡೆಯುತ್ತದೆ. ಒಂದು ಜೋಡಿಯನ್ನು ಅಲಕ್ಷ್ಯ ಮಾಡಿದರೆ ಅದೇ ವರ್ಷದೊಳಗೆ ಒಂದು ಹಿಂಡು ಆಗುವುದು ಹೀಗೆ.

ಹಾನಿಯ ಲೆಕ್ಕ

ದೊಡ್ಡ ಮನೆ ಇಲಿ ದಿನಕ್ಕೆ ಸುಮಾರು 20 ಗ್ರಾಂ ಕಾಳು ತಿನ್ನುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 7 ಕಿಲೋಗ್ರಾಂ ಮೀರುತ್ತದೆ. ಹತ್ತು ಇಲಿಗಳಿದ್ದರೆ 70 ಕಿಲೋಗ್ರಾಂ, ಎಂದರೆ ಮುಕ್ಕಾಲು ಕ್ವಿಂಟಾಲಿನ ಹತ್ತಿರ. ಆದರೆ ತಿಂದದ್ದಕ್ಕಿಂತ ಕೆಡಿಸಿದ್ದು ಹೆಚ್ಚು. ಹಿಕ್ಕೆ, ಮೂತ್ರ, ಕೂದಲು ಬಿದ್ದ ಕಾಳು ಊಟಕ್ಕೂ ಸಲ್ಲದು, ಮಾರಾಟಕ್ಕೂ ಸಲ್ಲದು.

ಬಿತ್ತನೆ ಬೀಜದ ನಷ್ಟ ತೂಕದಲ್ಲಿ ಕಾಣಿಸುವುದಿಲ್ಲ. ಮುಸುಕಿನ ಜೋಳದಂಥ ಕಾಳಿನಲ್ಲಿ ಇಲಿ ಮೊದಲು ಆರಿಸಿಕೊಳ್ಳುವುದು ಮೃದುವಾದ, ಎಣ್ಣೆಯ ಅಂಶವಿರುವ ಮೊಳಕೆಯ ಭಾಗವನ್ನು. ಕಾಳು ಇದ್ದಂತೆಯೇ ತೋರುತ್ತದೆ, ಬಿತ್ತಿದರೆ ಹುಟ್ಟುವುದಿಲ್ಲ. ಒಳ್ಳೆಯ ತಳಿಯ ಬೀಜವನ್ನು ಆರಿಸಿ ಇಟ್ಟುಕೊಂಡ ರೈತನಿಗೆ ಇದು ತಿಳಿಯುವುದು ಹೊಲದಲ್ಲಿ ಸಾಲು ಖಾಲಿ ಕಂಡಾಗ.

ಕೊಬ್ಬರಿ ಅಟ್ಟದ ಲೆಕ್ಕ ಇನ್ನೂ ಬೇರೆ. ಇಲಿ ಒಂದು ಕಾಯಿಯನ್ನು ಪೂರ್ತಿ ತಿಂದು ಮುಗಿಸಬೇಕಾಗಿಲ್ಲ. ಸಿಪ್ಪೆ ಮತ್ತು ಚಿಪ್ಪು ಕೊರೆದು ಒಂದು ತೂತು ಮಾಡಿದರೆ ಸಾಕು, ಆ ಕಾಯಿ ಕೊಳೆತುಹೋಗುತ್ತದೆ, ಉಂಡೆ ಕೊಬ್ಬರಿ ಆಗುವುದಿಲ್ಲ. ಅಟ್ಟದಲ್ಲಿ 5000 ಕಾಯಿ ಇದ್ದು, ಒಂದು ಇಲಿ ವಾರಕ್ಕೆ ಎರಡೇ ಕಾಯಿ ಕೊರೆಯಿತೆಂದು ಭಾವಿಸಿದರೂ ಹತ್ತು ತಿಂಗಳಲ್ಲಿ 80ಕ್ಕೂ ಹೆಚ್ಚು ಕಾಯಿ ಹಾಳು. ಆರು ಇಲಿಗಳಿದ್ದರೆ 500 ಕಾಯಿ, ಎಂದರೆ ಹತ್ತರಲ್ಲಿ ಒಂದು ಪಾಲು ಹೋದಂತೆ.

ಇಲಿಯ ಮುಂದಿನ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಅವು ಸವೆಯಲೆಂದು ಅದು ಮರ, ಪ್ಲಾಸ್ಟಿಕ್ಕು, ವಿದ್ಯುತ್ ತಂತಿಯ ಹೊದಿಕೆ ಹೀಗೆ ಸಿಕ್ಕಿದ್ದನ್ನು ಕಡಿಯುತ್ತದೆ. ಒಣಸಿಪ್ಪೆ ತುಂಬಿದ ಅಟ್ಟದಲ್ಲಿ ಹೊದಿಕೆ ಹೋದ ತಂತಿಯಿಂದ ಒಂದು ಕಿಡಿ ಹಾರಿದರೆ ಮನೆಯೇ ಉರಿಯಬಹುದು. ಇಲಿಯನ್ನು ಅರಸಿಕೊಂಡು ಕೇರೆ, ನಾಗರ ಮುಂತಾದ ಹಾವುಗಳು ಮಾಡಿಗೆ ಏರುವುದೂ ಉಂಟು.

ರೋಗದ ಭಯವೂ ಸಣ್ಣದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟ ನಂತರದ ವರ್ಷಗಳಲ್ಲಿ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅಟ್ಟದಿಂದ ಸತ್ತ ಇಲಿ ಬಿತ್ತೆಂದರೆ ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದರು. ಅದು ಅನುಭವದಿಂದ ಬಂದ ವಿವೇಕ. ಇಲಿ ಸತ್ತೊಡನೆ ಅದರ ಮೈಮೇಲಿನ ಚಿಗಟಗಳು ಬೇರೆ ರಕ್ತವನ್ನು ಹುಡುಕಿ ಹೊರಡುತ್ತವೆ, ಮನುಷ್ಯರನ್ನೂ ಕಚ್ಚುತ್ತವೆ. ಪ್ಲೇಗು ಹರಡುವುದು ಮುಖ್ಯವಾಗಿ ಹೀಗೆ. ಇಂದು ಹೆಚ್ಚಾಗಿ ಕಾಡುವುದು ಇಲಿ ಜ್ವರ. ಇಲಿಯ ಮೂತ್ರ ಬೆರೆತ ನೀರು ಅಥವಾ ಕೆಸರು ಗಾಯದ ಮೂಲಕ ಮೈ ಸೇರಿದರೆ ಈ ರೋಗ ತಗಲುತ್ತದೆ.

ಅಟ್ಟಕ್ಕೆ ಬರುವ ದಾರಿಗಳು

ಮನೆ ಇಲಿ ಸುಮಾರು ಅರ್ಧ ಅಂಗುಲ, ಎಂದರೆ 12 ಮಿಲಿಮೀಟರ್ ಅಗಲದ ಸಂದಿಯಲ್ಲಿ ತೂರಬಲ್ಲದು. ಚಿಟ್ಟಿಲಿಗೆ ಕಾಲು ಅಂಗುಲ ಸಾಕು. ಹೆಬ್ಬೆರಳು ತೂರುವ ಸಂದಿಯೆಲ್ಲ ಇಲಿಯ ಬಾಗಿಲು ಎಂದು ತಿಳಿಯಬೇಕು. ಹೆಂಚಿನ ಮನೆಯಲ್ಲಿ ಸಾಮಾನ್ಯವಾಗಿ ಕಾಣುವ ದಾರಿಗಳು ಇವು:

1. ಗೋಡೆಯ ತಲೆ ಮತ್ತು ಮಾಡಿನ ನಡುವಿನ ಸಂದಿ. ಪಕಾಸಿಗಳು ಗೋಡೆಯ ಮೇಲೆ ಕೂರುವ ಕಡೆ ಎರಡು ಪಕಾಸಿಗಳ ನಡುವೆ ತೆರೆದ ಜಾಗ ಉಳಿದಿರುತ್ತದೆ. ಅಟ್ಟಕ್ಕೆ ಏರುವ ಇಲಿಗಳಿಗೆ ಇದೇ ಹೆದ್ದಾರಿ.

2. ಒಡೆದ ಅಥವಾ ಜಾರಿದ ಹೆಂಚು, ಗಾರೆ ಉದುರಿದ ಮಾಡಿನ ನೆತ್ತಿ.

3. ಬೆಳಕಿಂಡಿ, ಹೊಗೆಗೂಡು ಮತ್ತು ಜಾಲರಿ ಇಲ್ಲದ ಗವಾಕ್ಷಿ.

4. ವಿದ್ಯುತ್ ತಂತಿ ಮತ್ತು ನೀರಿನ ಕೊಳವೆ ಗೋಡೆ ಹೊಕ್ಕ ತೂತು.

5. ಮಾಡಿಗೆ ತಾಗುವ ಮರದ ರೆಂಬೆ, ತೆಂಗಿನ ಗರಿ, ಮಲ್ಲಿಗೆಯ ಚಪ್ಪರ, ಗೋಡೆಗೆ ಒರಗಿಸಿದ ಸೌದೆ, ಮಾಡಿಗೆ ಕಟ್ಟಿದ ಬಟ್ಟೆ ಒಣಗಿಸುವ ಹಗ್ಗ.

6. ಮನೆಯ ಒಳಗಿನಿಂದ ಅಟ್ಟಕ್ಕೆ ಒರಗಿಸಿದ ಏಣಿ. ಹಗಲು ಜನ ಹತ್ತುವ ಏಣಿಯನ್ನು ರಾತ್ರಿ ಇಲಿ ಹತ್ತುತ್ತದೆ. ಕೆಲಸ ಮುಗಿದೊಡನೆ ಏಣಿ ಇಳಿಸಿಡುವುದು ಕಾಸಿಲ್ಲದ ಪರಿಹಾರ.

ದಾರಿ ಪತ್ತೆ ಮಾಡುವ ಕ್ರಮ

ಬಿಸಿಲಿರುವ ಮಧ್ಯಾಹ್ನ ಅಟ್ಟ ಹತ್ತಿ, ದೀಪ ಆರಿಸಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಕುಳಿತು ನೋಡಬೇಕು. ಬೆಳಕು ಒಳಬರುವ ಸಂದಿಗಳೆಲ್ಲ ಕಾಣಿಸುತ್ತವೆ. ಪ್ರತಿಯೊಂದಕ್ಕೂ ಸುಣ್ಣದಿಂದ ಗುರುತು ಹಾಕಿಕೊಳ್ಳಬೇಕು.

ಇವುಗಳಲ್ಲಿ ಇಲಿ ಬಳಸುತ್ತಿರುವುದು ಯಾವುದು ಎಂಬುದಕ್ಕೆ ಬೇರೆ ಕುರುಹುಗಳಿವೆ. ಇಲಿ ದಿನವೂ ಒಂದೇ ದಾರಿಯಲ್ಲಿ ಓಡಾಡುವುದರಿಂದ ಅದರ ಮೈಯ ಜಿಡ್ಡು ತಗುಲಿ ತೊಲೆ ಮತ್ತು ಗೋಡೆಯ ಮೇಲೆ ಕಪ್ಪನೆಯ ಗೆರೆ ಮೂಡಿರುತ್ತದೆ. ಮನೆ ಇಲಿಯ ಹಿಕ್ಕೆ ಸುಮಾರು ಅರ್ಧ ಅಂಗುಲ ಉದ್ದವಿದ್ದು ಎರಡೂ ತುದಿ ಚೂಪಾಗಿರುತ್ತದೆ. ಚಿಟ್ಟಿಲಿಯದು ಅದರ ಅರ್ಧಕ್ಕಿಂತ ಚಿಕ್ಕದು. ಹೊಸ ಹಿಕ್ಕೆ ಮೆತ್ತಗೆ, ಹೊಳಪಾಗಿ ಇರುತ್ತದೆ. ಹಳೆಯದು ಒಣಗಿ ಪುಡಿಯಾಗುತ್ತದೆ.

ಅನುಮಾನವಿದ್ದ ಕಡೆ ಸಂಜೆ ಜರಡಿ ಹಿಡಿದ ಒಲೆಬೂದಿಯನ್ನು ತೆಳುವಾಗಿ ಹರಡಬೇಕು. ಬೆಳಿಗ್ಗೆ ಅದರ ಮೇಲೆ ಕಾಲಿನ ಮತ್ತು ಬಾಲದ ಗುರುತು ಮೂಡಿದ್ದರೆ ದಾರಿ ಅದೇ. ಎರಡು ಮೂರು ರಾತ್ರಿ ಹೀಗೆ ಮಾಡಿದರೆ ಮನೆಯ ಇಲಿ ಸಂಚಾರದ ನಕ್ಷೆಯೇ ಸಿಗುತ್ತದೆ. ಮುಂದೆ ಬೋನು ಎಲ್ಲಿ ಇಡಬೇಕೆಂಬುದಕ್ಕೂ ಇದೇ ಆಧಾರ.

ಸಂದಿಗಳನ್ನು ಮುಚ್ಚುವುದು

ಬಟ್ಟೆ, ಕಾಗದ, ತೆಂಗಿನ ನಾರು, ಥರ್ಮೋಕೋಲ್, ಬರಿಯ ಮಣ್ಣು ಇವುಗಳಿಂದ ತುಂಬಿದ ಸಂದಿಯನ್ನು ಇಲಿ ಸುಲಭವಾಗಿ ಬಿಡಿಸುತ್ತದೆ. ಅದರ ಹಲ್ಲಿಗೆ ಜಗ್ಗದ ವಸ್ತುಗಳನ್ನೇ ಬಳಸಬೇಕು.

ಚಿಕ್ಕ ತೂತುಗಳಿಗೆ ಪಾತ್ರೆ ಉಜ್ಜುವ ಕಬ್ಬಿಣದ ನಾರನ್ನು ಬಿಗಿಯಾಗಿ ತುರುಕಿ ಅದರ ಮೇಲೆ ಸಿಮೆಂಟು ಗಾರೆ ಮೆತ್ತಬೇಕು. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಸಾಕು. ಗಾರೆ ಗಟ್ಟಿಯಾಗುವವರೆಗೆ, ಕನಿಷ್ಠ ಒಂದು ರಾತ್ರಿ, ಅದರ ಮುಂದೆ ತಗಡಿನ ತುಂಡನ್ನು ಒತ್ತಿ ಇಡುವುದು ಒಳ್ಳೆಯದು. ಹಸಿ ಗಾರೆಯನ್ನು ಇಲಿ ಕೆದರಬಲ್ಲದು.

ಗೋಡೆಯ ತಲೆ ಮತ್ತು ಪಕಾಸಿಗಳ ನಡುವಿನ ಜಾಗವನ್ನು ಗಾರೆಯಿಂದ ಪೂರ್ತಿ ಮುಚ್ಚಬಾರದು. ಮಾಡಿನ ಕೆಳಗೆ ಗಾಳಿ ಆಡದಿದ್ದರೆ ಮರಮುಟ್ಟು ಮುಗ್ಗುತ್ತದೆ, ಅಟ್ಟದ ಪದಾರ್ಥಗಳಿಗೆ ಬೂಸಲು ಹಿಡಿಯುತ್ತದೆ. ಅಲ್ಲಿಗೆ ಕಾಲು ಅಂಗುಲದ ಕಣ್ಣಿರುವ, ಸತುವಿನ ಲೇಪವಿರುವ ಬೆಸುಗೆಯ ತಂತಿ ಜಾಲರಿಯೇ ಸರಿ. ಪಕಾಸಿಯ ಆಕಾರಕ್ಕೆ ಜಾಲರಿಯನ್ನು ಕತ್ತರಿಸಿ, ಅಂಚನ್ನು ಒಂದು ಅಂಗುಲ ಮಡಿಸಿ, ಮರಕ್ಕೆ ಮೊಳೆಯಿಂದಲೂ ಗೋಡೆಗೆ ಗಾರೆಯಿಂದಲೂ ಭದ್ರಪಡಿಸಬೇಕು. ಸೊಳ್ಳೆ ಪರದೆಯ ನೈಲಾನ್ ಜಾಲರಿ ಒಂದೇ ರಾತ್ರಿಗೆ ಹರಿದುಹೋಗುತ್ತದೆ. ಬೆಳಕಿಂಡಿ, ಗವಾಕ್ಷಿ ಮತ್ತು ಹೊಗೆಗೂಡಿಗೂ ತಂತಿ ಜಾಲರಿಯನ್ನೇ ಹಾಕಬೇಕು. ಹೊಗೆಗೂಡಿನ ಜಾಲರಿಗೆ ಮಸಿ ಕಟ್ಟುವುದರಿಂದ ಅದನ್ನು ಆಗಾಗ ಉಜ್ಜಿ ತೆಗೆಯಬೇಕು.

ಅಟ್ಟದ ಬಾಗಿಲಿನ ಅಂಚಿಗೆ, ಹೊರಬಾಗಿಲಿನ ತಳಕ್ಕೆ ತಗಡಿನ ಪಟ್ಟಿ ಹೊಡೆಯಬೇಕು. ಮುಚ್ಚಿದಾಗ ಪೆನ್ಸಿಲು ತೂರದಷ್ಟು ಮಾತ್ರ ಸಂದಿ ಉಳಿದಿರಬೇಕು.

ಹೊರಗಿನ ಸೇತುವೆಗಳನ್ನು ಕಡಿಯುವುದೂ ಅಷ್ಟೇ ಮುಖ್ಯ. ಮಾಡಿನಿಂದ ಕನಿಷ್ಠ 2 ಮೀಟರ್ ದೂರದವರೆಗೆ ಮರದ ರೆಂಬೆ ಇರಬಾರದು. ಮನೆ ಇಲಿ ಒಂದು ಮೀಟರಿಗಿಂತ ಹೆಚ್ಚು ದೂರ ನೆಗೆಯಬಲ್ಲದು. ತೆಂಗಿನ ಮರ ಮನೆಗೆ ಹತ್ತಿರವಿದ್ದರೆ ಕಾಂಡದ ಸುತ್ತ ನೆಲದಿಂದ ಸುಮಾರು 2 ಮೀಟರ್ ಎತ್ತರದಲ್ಲಿ 40ರಿಂದ 45 ಸೆಂಟಿಮೀಟರ್ ಅಗಲದ ನಯವಾದ ತಗಡನ್ನು ಸಂದಿ ಬಿಡದಂತೆ ಸುತ್ತಬೇಕು. ತಗಡಿನ ಮೇಲೆ ಇಲಿಯ ಉಗುರು ಹಿಡಿತ ಸಿಗದೆ ಜಾರುತ್ತದೆ. ಆದರೆ ಆ ಮರದ ಗರಿ ಪಕ್ಕದ ಮರಕ್ಕೆ ತಾಗಿದ್ದರೆ ತಗಡಿನಿಂದ ಪ್ರಯೋಜನವಿಲ್ಲ. ಹಾಗೆ ತಾಗುವ ಮರಗಳಿಗೆಲ್ಲ ತಗಡು ಸುತ್ತಬೇಕಾಗುತ್ತದೆ. ಸೌದೆ ಮತ್ತು ಸಿಪ್ಪೆಯ ರಾಶಿಯನ್ನು ಗೋಡೆಗೆ ಒರಗಿಸದೆ ದೂರದಲ್ಲಿ, ನೆಲದಿಂದ ಒಂದು ಅಡಿ ಎತ್ತರಿಸಿ ಒಟ್ಟಬೇಕು.

ಕೊಬ್ಬರಿ ಅಟ್ಟಕ್ಕೆ ವಿಶೇಷ ಗಮನ

ಕೊಬ್ಬರಿ ಅಟ್ಟಕ್ಕೆ ಗಾಳಿ ಆಡಲೇಬೇಕು. ಗಾಳಿಗಾಗಿಯೇ ಅದರ ತಳವನ್ನು ಸಂದಿ ಬಿಟ್ಟು ಹೊಂದಿಸಿರುತ್ತಾರೆ. ಆದ್ದರಿಂದ ಇಲ್ಲಿ ತಳವನ್ನು ಮುಚ್ಚುವ ಬದಲು ಅಟ್ಟ ನಿಂತ ಕೋಣೆಯನ್ನೇ ಜಾಲರಿಯಿಂದ ಭದ್ರಪಡಿಸುವುದು ಮೇಲು.

ತೋಟದಲ್ಲಿ ಕಂಬಗಳ ಮೇಲೆ ಪ್ರತ್ಯೇಕವಾಗಿ ಕಟ್ಟಿದ ಅಟ್ಟವಾದರೆ ಕೆಲಸ ಇನ್ನೂ ಸುಲಭ. ಅಟ್ಟದ ತಳ ನೆಲದಿಂದ ಒಂದು ಮೀಟರಿಗಿಂತ ಹೆಚ್ಚು ಎತ್ತರವಿರಬೇಕು. ಪ್ರತಿ ಕಂಬಕ್ಕೂ ತಳದ ಸ್ವಲ್ಪ ಕೆಳಗೆ, ಬೋರಲು ಹಾಕಿದ ಬಾಣಲೆಯಂತೆ, ತಗಡಿನ ಕೊಡೆಯನ್ನು ಬಿಗಿಯಬೇಕು. ಕಂಬದಿಂದ ಸುತ್ತಲೂ 25 ಸೆಂಟಿಮೀಟರ್ ಚಾಚಿದರೆ ಸಾಕು. ಕಂಬ ಹತ್ತಿದ ಇಲಿ ಕೊಡೆಯ ಅಡಿಗೆ ಬಂದು ಮುಂದೆ ದಾರಿ ಕಾಣದೆ ಹಿಂದಿರುಗುತ್ತದೆ. ಒಂದು ಕಂಬಕ್ಕೆ ಕೊಡೆ ತಪ್ಪಿದರೂ ಉಳಿದವೆಲ್ಲ ವ್ಯರ್ಥ. ಅಟ್ಟಕ್ಕೆ ಒರಗಿಸಿದ ಗಳು, ನೇತಾಡುವ ಹಗ್ಗ ಇರಕೂಡದು.

ಕಾಯಿಯ ರಾಶಿಯನ್ನು ಗೋಡೆಗೆ ಒತ್ತಿ ಹಾಕದೆ ಸುತ್ತಲೂ ಒಂದು ಅಡಿ ಜಾಗ ಬಿಡಬೇಕು. ಗೋಡೆ ಮತ್ತು ರಾಶಿಯ ನಡುವಿನ ಕತ್ತಲೆಯ ಸಂದಿಯೇ ಇಲಿಗೆ ಬಹಳ ಇಷ್ಟವಾದ ಜಾಗ. ಜಾಗ ಬಿಟ್ಟಾಗ ಹಿಕ್ಕೆಯೂ ಕೊರೆದ ಕಾಯಿಯೂ ಕಣ್ಣಿಗೆ ಬೀಳುತ್ತವೆ. ತಿಂಗಳಿಗೊಮ್ಮೆ ರಾಶಿ ತಿರುವಿ, ತೂತು ಬಿದ್ದ ಕಾಯಿಗಳನ್ನು ಆರಿಸಿ ಹೊರಹಾಕಬೇಕು. ಬೀಜ ಮತ್ತು ಕಾಳನ್ನು ಗೋಣಿಚೀಲದಲ್ಲಿ ಇಡುವುದಕ್ಕಿಂತ ಬಿಗಿ ಮುಚ್ಚಳದ ತಗಡಿನ ಡಬ್ಬ ಅಥವಾ ಲೋಹದ ಕಣಜದಲ್ಲಿ ಇಡುವುದು ಕ್ಷೇಮ.

ಒಳಗಿರುವ ಇಲಿಗಳನ್ನು ಹಿಡಿಯುವುದು

ಎಲ್ಲ ದಾರಿಗಳನ್ನೂ ಒಂದೇ ದಿನ ಮುಚ್ಚಿದರೆ ಒಳಗಿದ್ದ ಇಲಿಗಳು ಸಿಕ್ಕಿಬೀಳುತ್ತವೆ. ಅವು ಹಸಿವಿನಿಂದ ಹೊಸ ದಾರಿ ಕೊರೆಯುತ್ತವೆ, ಇಲ್ಲವೆ ಅಡುಗೆಮನೆಗೆ ಇಳಿಯುತ್ತವೆ. ಆದ್ದರಿಂದ ಹೆಚ್ಚು ಸಂಚಾರವಿರುವ ಒಂದೆರಡು ದಾರಿಗಳನ್ನು ಮಾತ್ರ ಬಿಟ್ಟು ಉಳಿದವನ್ನು ಮುಚ್ಚಬೇಕು. ಬಿಟ್ಟ ದಾರಿಗಳ ಹತ್ತಿರ ಬೋನು ಇಡಬೇಕು.

ಇಲಿ ಸಂಶಯದ ಪ್ರಾಣಿ. ತನ್ನ ದಾರಿಯಲ್ಲಿ ಹೊಸ ವಸ್ತು ಕಂಡರೆ ಕೆಲವು ದಿನ ಅದರ ಹತ್ತಿರ ಸುಳಿಯುವುದಿಲ್ಲ. ಬೋನು ಇಟ್ಟ ಮೊದಲ ರಾತ್ರಿ ಏನೂ ಸಿಗದೆ ಅದನ್ನು ಎತ್ತಿಡುವವರು ಇಲ್ಲಿಯೇ ಸೋಲುತ್ತಾರೆ. ಮೂರು ನಾಲ್ಕು ರಾತ್ರಿ ಬೋನಿನಲ್ಲಿ ತಿಂಡಿ ಇಟ್ಟು, ಆದರೆ ಕೀಲು ಹೂಡದೆ, ಇಲಿಗೆ ರೂಢಿ ಮಾಡಿಸಬೇಕು. ತಿಂಡಿ ಖಾಲಿಯಾಗತೊಡಗಿದ ಮೇಲೆ ಎಲ್ಲ ಬೋನುಗಳನ್ನೂ ಒಂದೇ ರಾತ್ರಿ ಹೂಡಬೇಕು. ಒಂದು ಬೋನನ್ನು ಹತ್ತು ರಾತ್ರಿ ಇಡುವುದಕ್ಕಿಂತ ಹತ್ತು ಬೋನುಗಳನ್ನು ಒಂದು ರಾತ್ರಿ ಇಡುವುದು ಲೇಸು. ನೆರೆಹೊರೆಯವರು ಬೋನುಗಳನ್ನು ಒಟ್ಟುಗೂಡಿಸಿ ಸರದಿಯಂತೆ ಬಳಸಬಹುದು.

ಬೋನನ್ನು ಅಟ್ಟದ ನಡುವೆ ಇಡದೆ ಗೋಡೆ ಅಥವಾ ತೊಲೆಗೆ ಒತ್ತಿ, ಬೂದಿಯಲ್ಲಿ ಗುರುತು ಕಂಡ ದಾರಿಯಲ್ಲಿಯೇ ಇಡಬೇಕು. ಹೊಡೆಯುವ ಬೋನಾದರೆ ತಿಂಡಿಯ ತುದಿ ಗೋಡೆಯ ಕಡೆಗಿರಲಿ. ಕಾಯಿ ತುಂಬಿದ ಅಟ್ಟದಲ್ಲಿ ಇಲಿಗೆ ಕೊಬ್ಬರಿಯ ಚೂರು ಹೊಸದಲ್ಲ; ಅಲ್ಲಿ ಹುರಿದ ಕಡಲೆಕಾಯಿ, ಎಣ್ಣೆ ಸವರಿದ ರಾಗಿ ರೊಟ್ಟಿ ಅಥವಾ ಒಣಮೀನು ಇಟ್ಟು ನೋಡಬೇಕು. ಕಾಳಿನ ಅಟ್ಟದಲ್ಲಿ ಸುಟ್ಟ ಕೊಬ್ಬರಿ ಒಳ್ಳೆಯದು. ತಿಂಡಿಯನ್ನು ದಾರದಿಂದ ಕಟ್ಟಿದರೆ ಇಲಿ ಅದನ್ನು ಎಳೆಯಲೇಬೇಕಾಗುತ್ತದೆ, ಕೀಲು ಬೀಳುತ್ತದೆ.

ಒಂದು ವಾರ ಬೋನಿಗೆ ಇಲಿ ಬೀಳದೆ, ಬೂದಿಯಲ್ಲಿಯೂ ಗುರುತು ಮೂಡದಿದ್ದರೆ ಉಳಿದ ದಾರಿಗಳನ್ನೂ ಮುಚ್ಚಬಹುದು. ಜೀವಂತ ಸಿಕ್ಕ ಇಲಿಯನ್ನು ಊರಾಚೆ ಬಿಡುವುದೆಂದರೆ ಇನ್ನೊಬ್ಬರ ಮನೆಗೆ ಕಳುಹಿಸಿದಂತೆ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟದೆ, ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿಕೊಂಡು ಎತ್ತಿ, ಎರಡು ಅಡಿ ಆಳದ ಗುಂಡಿಯಲ್ಲಿ ಹೂಳಬೇಕು.

ಬೆಕ್ಕು ಸಾಕಿದರೆ ಚಿಟ್ಟಿಲಿ ಹಾಗೂ ಎಳೆಯ ಇಲಿಗಳು ಕಡಿಮೆಯಾಗುತ್ತವೆ. ಆದರೆ ಸಂದಿಗಳು ತೆರೆದಿರುವ ಅಟ್ಟವನ್ನು ಬೆಕ್ಕೊಂದೇ ಕಾಯಲಾರದು. ನುಸಿಗುಳಿಗೆಯ ವಾಸನೆಗೂ, ಇಲಿ ಓಡಿಸುತ್ತದೆಂದು ಮಾರುವ ಶಬ್ದದ ಯಂತ್ರಗಳಿಗೂ ಇಲಿ ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ.

ವಿಷದ ವಿಷಯದಲ್ಲಿ ಎಚ್ಚರ

ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟಂತೆ ಎಂಬ ಗಾದೆ ಇಲಿಪಾಷಾಣಕ್ಕೆ ಚೆನ್ನಾಗಿ ಒಪ್ಪುತ್ತದೆ. ಅಟ್ಟದಲ್ಲಿ ಇಟ್ಟ ವಿಷವನ್ನು ಇಲಿ ಕಚ್ಚಿಕೊಂಡು ಹೋಗಿ ಕಾಳಿನ ರಾಶಿಯಲ್ಲಿ ಬೀಳಿಸಬಹುದು. ಹಲಗೆಯ ಸಂದಿಯಿಂದ ಅದು ಅಡುಗೆಯ ಪಾತ್ರೆಗೂ ಉದುರಬಹುದು. ತಿನ್ನುವ ಪದಾರ್ಥವಿರುವ ಅಟ್ಟದಲ್ಲಿ ವಿಷ ಇಡಲೇಬಾರದು.

ಹಳದಿ ರಂಜಕವಿರುವ ಇಲಿ ಪೇಸ್ಟ್ ಎಲ್ಲಕ್ಕಿಂತ ಅಪಾಯಕರ. ಮಕ್ಕಳು ಇದನ್ನು ಹಲ್ಲುಜ್ಜುವ ಪೇಸ್ಟ್ ಎಂದು ಭಾವಿಸಿ ಬಾಯಿಗೆ ಹಾಕಿಕೊಳ್ಳುವ ಸಂಭವವಿದೆ. ತಿಂದವರು ಮೊದಲ ಒಂದೆರಡು ದಿನ ಚೆನ್ನಾಗಿಯೇ ಇರುವಂತೆ ಕಂಡು, ಅನಂತರ ಯಕೃತ್ತು ಕೆಟ್ಟು ಸಾಯಬಹುದು. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಸತುವಿನ ಫಾಸ್ಫೈಡ್‌ಗೂ ಪ್ರತಿವಿಷವಿಲ್ಲ. ಹೊಲದ ಬಿಲಗಳಿಗೆಂದು ತಂದ ಅದನ್ನು ಮನೆಯೊಳಗೆ ಬಳಸಬಾರದು. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ಹೊರಡುವ ಅನಿಲ ಮಲಗಿದವರನ್ನು ಕೊಲ್ಲಬಲ್ಲದು. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ತಪ್ಪು.

ಇಲಿಗಳ ಕಾಟ ಬಹಳವಿದ್ದು ಬೋನಿನಿಂದ ಹತೋಟಿಗೆ ಬಾರದಿದ್ದರೆ ಮಾತ್ರ ಶೇಕಡಾ 0.005ರ ಬ್ರೋಮಾಡಯೋಲೋನ್ ಸಿದ್ಧ ಬಿಲ್ಲೆಗಳನ್ನು, ಮನೆಯ ಹೊರಗೆ, ಮಕ್ಕಳು ಹಾಗೂ ಸಾಕುಪ್ರಾಣಿಗಳ ಕೈಗೆಟುಕದ ಮುಚ್ಚಿದ ಪೆಟ್ಟಿಗೆಯಲ್ಲಿ ಕಟ್ಟಿ ಇಡಬಹುದು. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ಇಲಿ ಸಾಯಲು ಹಲವು ದಿನ ಹಿಡಿಯುವುದರಿಂದ ಉಳಿದ ಇಲಿಗಳಿಗೆ ಸಂಶಯ ಹುಟ್ಟುವುದಿಲ್ಲ. ವಿಟಮಿನ್ ಕೆ1 ಇದಕ್ಕೆ ಪ್ರತಿವಿಷ. ಆದರೂ ವಿಷ ತಿಂದ ಇಲಿಯನ್ನು ತಿಂದ ಬೆಕ್ಕು ಮತ್ತು ಗೂಬೆ ಸಾಯುವ ಅಪಾಯವಿದೆ. ಗೂಬೆ ಸತ್ತರೆ ಸಂಬಳವಿಲ್ಲದ ಕಾವಲುಗಾರನನ್ನು ಕಳೆದುಕೊಂಡಂತೆ. ಆದ್ದರಿಂದ ಸತ್ತ ಇಲಿಗಳನ್ನು ದಿನವೂ ಹುಡುಕಿ ಹೂಳಬೇಕು.

ಯಾರಾದರೂ ವಿಷ ತಿಂದ ಅನುಮಾನ ಬಂದರೆ ವಾಂತಿ ಮಾಡಿಸುವ ಮನೆಮದ್ದು ಮಾಡುತ್ತ ಹೊತ್ತು ಕಳೆಯಬಾರದು. ವಿಷದ ಪೊಟ್ಟಣದ ಸಮೇತ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಪೊಟ್ಟಣ ನೋಡಿದರೆ ವೈದ್ಯರಿಗೆ ಚಿಕಿತ್ಸೆ ನಿರ್ಧರಿಸುವುದು ಸುಲಭ.

ವಿಷ ಇಡದೆಯೇ ಮನೆಯಲ್ಲಿ ಇಲಿಗಳು ಒಂದರ ಮೇಲೊಂದು ಸತ್ತು ಬೀಳುತ್ತಿದ್ದರೆ ಅವನ್ನು ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಅಟ್ಟ ಶುಚಿ ಮಾಡುವಾಗ

ಇಲಿ ಹೋದ ಅಟ್ಟವನ್ನು ಒಣಪೊರಕೆಯಿಂದ ಗುಡಿಸಿದರೆ ಹಿಕ್ಕೆಯ ಧೂಳು ಉಸಿರಿಗೆ ಸೇರುತ್ತದೆ. ಕಿಟಕಿ ತೆರೆದು ಸ್ವಲ್ಪ ಹೊತ್ತು ಗಾಳಿ ಆಡಲು ಬಿಟ್ಟು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೈಗವಸು ಹಾಕಿಕೊಂಡು ಕೆಲಸ ಪ್ರಾರಂಭಿಸಬೇಕು. ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿದ ತಿಳಿಯನ್ನು ಹಿಕ್ಕೆ ಹಾಗೂ ಗೂಡಿನ ಮೇಲೆ ಚಿಮುಕಿಸಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಬಳಿಕ ಒರೆಸಿ ತೆಗೆಯಬೇಕು. ಕಾಲಿಗೆ ಕೈಗೆ ಗಾಯವಿದ್ದವರು ಈ ಕೆಲಸಕ್ಕೆ ಇಳಿಯಬಾರದು. ಅನಂತರದ ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಾಣಿಸಿಕೊಂಡರೆ ಅಟ್ಟ ಶುಚಿ ಮಾಡಿದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಇದೇ ಹೊತ್ತಿನಲ್ಲಿ ಅಟ್ಟದ ವಿದ್ಯುತ್ ತಂತಿಗಳನ್ನೂ ಪರೀಕ್ಷಿಸಬೇಕು. ಮೇನ್ ಸ್ವಿಚ್ ಆರಿಸಿದ ಮೇಲೆಯೇ ತಂತಿಯ ಹತ್ತಿರ ಕೈ ಹಾಕಬೇಕು. ಕಡಿದ ತಂತಿಗೆ ಟೇಪು ಸುತ್ತಿ ಬಿಡದೆ, ತಿಳಿದವರಿಂದ ಬದಲಾಯಿಸಿ ಕೊಳವೆಯೊಳಗೆ ಎಳೆಸಬೇಕು.

ಯಾವ ಕಾಲದಲ್ಲಿ ಯಾವ ಕೆಲಸ?

ಮಳೆಗಾಲಕ್ಕೆ ಮುನ್ನ, ಏಪ್ರಿಲ್–ಮೇ ತಿಂಗಳಲ್ಲಿ, ಹೆಂಚು ಕೈಯಾಡಿಸುವ ಕೆಲಸ ಹೆಚ್ಚಿನ ಮನೆಗಳಲ್ಲಿ ಇದ್ದೇ ಇರುತ್ತದೆ. ಹೆಂಚು ಇಳಿಸಿದಾಗ ಪಕಾಸಿಯ ತಲೆಗಳು ಬಯಲಾಗುತ್ತವೆ. ಆಳೂ ಏಣಿಯೂ ಸಿದ್ಧವಿರುತ್ತವೆ. ಜಾಲರಿ ಹೊಡೆಯಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಕೊಬ್ಬರಿ ಅಟ್ಟದ ದುರಸ್ತಿಗೆ ಕಾಯಿ ಇಳಿಸಿ ಹೊಸ ಕಾಯಿ ಏರಿಸುವ ಮುಂಚಿನ ಬಿಡುವೇ ತಕ್ಕ ಕಾಲ. ಕೊಯ್ಲು ಮುಗಿದು ಹೊಲ ಬರಿದಾದಾಗ ಹೊರಗಿನ ಇಲಿಗಳು ಆಹಾರ ಹುಡುಕಿ ಊರ ಕಡೆ ತಿರುಗುತ್ತವೆ. ಆಗ ವಾರಕ್ಕೊಮ್ಮೆ ಬೂದಿ ಹರಡಿ ಪರೀಕ್ಷಿಸಬೇಕು. ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ನೋಡಿದರೆ ಸಾಕು.

ಒಂದು ಬೀದಿಯ ಮನೆಗಳ ಮಾಡುಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಒಬ್ಬರೇ ಮಾಡಿದ ಕೆಲಸ ಅರ್ಧ ಫಲ ಕೊಡುತ್ತದೆ. ಅಂಥ ಕಡೆ ಬೀದಿಯವರೆಲ್ಲ ಒಂದೇ ವಾರದಲ್ಲಿ ಸಂದಿ ಮುಚ್ಚಿ, ಒಂದೇ ರಾತ್ರಿ ಬೋನು ಹೂಡಬೇಕು. ಗ್ರಾಮಮಟ್ಟದ ಕೃಷಿ ಕಾರ್ಯಕರ್ತರು ಮೊದಲು ಒಂದು ಮನೆಯ ಅಟ್ಟವನ್ನು ಹೀಗೆ ಸರಿಪಡಿಸಿ ತೋರಿಸಿದರೆ ಉಳಿದವರಿಗೆ ನಂಬಿಕೆ ಬರುತ್ತದೆ.

ಜಾಲರಿ, ತಗಡು, ಒಂದೆರಡು ಚೀಲ ಸಿಮೆಂಟು ಮತ್ತು ಎರಡು ದಿನದ ಆಳಿನ ಕೂಲಿ ಒಮ್ಮೆ ಮಾಡುವ ಖರ್ಚು. ಇಲಿಪಾಷಾಣದ ಖರ್ಚಾದರೋ ವರ್ಷವೂ ತಪ್ಪುವುದಿಲ್ಲ, ಅದರ ಅಪಾಯವೂ ತಪ್ಪುವುದಿಲ್ಲ. ಈ ಬಾರಿ ಹೆಂಚು ಕೈಯಾಡಿಸುವ ಆಳುಗಳು ಬಂದಾಗ ಪಕಾಸಿಗಳ ಸಂದಿಯನ್ನು ಅಳೆಸಿ, ಅಷ್ಟು ಜಾಲರಿಯನ್ನು ಮೊದಲೇ ತಂದಿಟ್ಟುಕೊಂಡರೆ ಮುಂದಿನ ಕೆಲಸ ಅರ್ಧ ಮುಗಿದಂತೆ.